ಎಲೆಕ್ಟ್ರಾನ್ ಸಂಘಟ್ಟನೆಯಿಂದ ಆಮ್ಲಜನಕ ಪರಮಾಣುವಿನ ಉದ್ರೇಕ

ಎಲೆಕ್ಟ್ರಾನ್ ಸಂಘಟ್ಟನೆಯಿಂದ ಆಮ್ಲಜನಕ ಪರಮಾಣುವಿನ ಉದ್ರೇಕ ಎಂದರೆ, ಎಲೆಕ್ಟ್ರಾನೊಂದು ಆಮ್ಲಜನಕದ ಪರಮಾಣುವಿಗೆ ತಾಗಿ, ತನ್ನ ಶಕ್ತಿಯ ಒಂದು ಭಾಗವನ್ನು ಅದಕ್ಕೆ ಕೊಟ್ಟು, ಅದನ್ನು ಹೆಚ್ಚಿನ ಶಕ್ತಿಯ ಸ್ಥಿತಿಗೆ ಏರಿಸುವ ಕ್ರಿಯೆ. ಧ್ರುವಪ್ರಭೆಯ ಹಸಿರು ಮತ್ತು ಕೆಂಪು ಬಣ್ಣಗಳಿಗೆ ಇದು ಮುಖ್ಯ ಕಾರಣಗಳಲ್ಲಿ ಒಂದು. ಈ ಕ್ರಿಯೆಯ ಸಂಭವವನ್ನು ಪ್ರಯೋಗಾಲಯದಲ್ಲಿ ಅಳೆದರೆ ಮಾತ್ರ ಆಕಾಶದ ಬೆಳಕಿನಿಂದ ಮೇಲಣ ವಾಯುಮಂಡಲದ ಸ್ಥಿತಿಯನ್ನು ಲೆಕ್ಕಹಾಕಲು ಸಾಧ್ಯ.

ಹಿನ್ನೆಲೆ

ಸೂರ್ಯನ ಅತಿನೇರಳೆ ಕಿರಣಗಳು ಆಮ್ಲಜನಕದ ಅಣುಗಳನ್ನು ಒಡೆಯುತ್ತವೆ. ಆದ್ದರಿಂದ ಸುಮಾರು 200 ಕಿ.ಮೀ. ಎತ್ತರದಿಂದ ಮೇಲೆ, ಕೆಲವು ನೂರು ಕಿ.ಮೀ.ಗಳವರೆಗೆ, ಆಮ್ಲಜನಕದ ಬಿಡಿ ಪರಮಾಣುಗಳೇ ಅಧಿಕ. ಇವುಗಳನ್ನು ಮೊದಲನೆಯ ಉದ್ರಿಕ್ತ ಸ್ಥಿತಿಗೆ ಏರಿಸಲು 1.97 ಎಲೆಕ್ಟ್ರಾನ್‌ವೋಲ್ಟ್, ಎರಡನೆಯದಕ್ಕೆ 4.19 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಬೇಕು. ಎರಡನೆಯದರಿಂದ ಮೊದಲನೆಯದಕ್ಕೆ ಇಳಿಯುವಾಗ 557.7 ನ್ಯಾನೊಮೀಟರ್ ತರಂಗಾಂತರದ ಹಸಿರು ಬೆಳಕೂ, ಮೊದಲನೆಯದರಿಂದ ಮೂಲಸ್ಥಿತಿಗೆ ಇಳಿಯುವಾಗ 630.0 ನ್ಯಾನೊಮೀಟರಿನ ಕೆಂಪು ಬೆಳಕೂ ಹೊಮ್ಮುತ್ತವೆ. ಹಸಿರು ಬೆಳಕು ಸರಾಸರಿ ಒಂದು ಸೆಕೆಂಡಿನೊಳಗೆ ಹೊರಬಿದ್ದರೆ, ಕೆಂಪಿಗೆ ಸುಮಾರು 110 ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಬೇರೊಂದು ಅಣು ತಾಗಿದರೆ ಆ ಶಕ್ತಿ ಬೆಳಕಾಗದೆ ಹೋಗುತ್ತದೆ. ಕೆಂಪು ಪ್ರಭೆ ಗಾಳಿ ತೀರ ವಿರಳವಾದ ಎತ್ತರಗಳಲ್ಲಿಯೇ ಕಾಣುವುದು ಈ ಕಾರಣದಿಂದ.

ಮಾಪನ ವಿಧಾನ

ಅಳೆಯಬೇಕಾದ ಪರಿಮಾಣಕ್ಕೆ 'ಅಡ್ಡಕೊಯ್ತ' ಎಂದು ಹೆಸರು. ಎಲೆಕ್ಟ್ರಾನಿಗೆ ಪರಮಾಣು ಎಷ್ಟು ದೊಡ್ಡ ಗುರಿಯಾಗಿ ಒದಗುತ್ತದೆ ಎಂಬುದನ್ನು ಇದು ಸೂಚಿಸುತ್ತದೆ. ಮೊದಲನೆಯ ಸ್ಥಿತಿಗೆ ಇದರ ಗರಿಷ್ಠ ಬೆಲೆ 10⁻¹⁷ ಚದರ ಸೆಂಟಿಮೀಟರಿನ ಆಸುಪಾಸಿನಲ್ಲಿದೆ.

ನಿರ್ವಾತ ಕೋಶದಲ್ಲಿ ಪರಮಾಣುಗಳ ಧಾರೆಯನ್ನೂ ಎಲೆಕ್ಟ್ರಾನುಗಳ ಧಾರೆಯನ್ನೂ ಅಡ್ಡಡ್ಡವಾಗಿ ಹಾಯಿಸುತ್ತಾರೆ. ಕೆಂಪು ಬೆಳಕನ್ನು ಇಲ್ಲಿ ಕಾಯುತ್ತ ಕೂರುವಂತಿಲ್ಲ. 110 ಸೆಕೆಂಡು ಕಳೆಯುವ ಬಹು ಮೊದಲೇ ಪರಮಾಣು ಕೋಶದ ಗೋಡೆಗೆ ಬಡಿದಿರುತ್ತದೆ. ಆದ್ದರಿಂದ ಬೆಳಕಿನ ಬದಲು ಚದರಿದ ಎಲೆಕ್ಟ್ರಾನುಗಳನ್ನೇ ಹಿಡಿದು, 1.97 ಎಲೆಕ್ಟ್ರಾನ್‌ವೋಲ್ಟ್ ಕಳೆದುಕೊಂಡವು ಎಷ್ಟು ಎಂದು ಎಣಿಸುತ್ತಾರೆ. ಈ ಶಕ್ತಿನಷ್ಟ ವಿಧಾನದ ಮೂಲ 1914ರಲ್ಲಿ ಫ್ರಾಂಕ್ ಮತ್ತು ಹರ್ಟ್ಸ್ ಪಾದರಸದ ಆವಿಯ ಮೇಲೆ ನಡೆಸಿದ ಪ್ರಯೋಗದಲ್ಲಿದೆ.

ಬಿಡಿ ಆಮ್ಲಜನಕ ಸಿಲಿಂಡರಿನಲ್ಲಿ ದೊರೆಯುವ ವಸ್ತುವಲ್ಲ. ಮೈಕ್ರೋವೇವ್ ವಿದ್ಯುದ್ವಿಸರ್ಜನೆಯಿಂದ ಅಣುಗಳನ್ನು ಒಡೆದರೂ ಕೆಲವು ಒಡೆಯದೆ ಉಳಿಯುತ್ತವೆ. ಅವುಗಳ ಪಾಲನ್ನು ಲೆಕ್ಕದಿಂದ ಕಳೆಯಬೇಕಾಗುತ್ತದೆ.

ಪರಿಷ್ಕರಣೆಗಳು

130.4 ನ್ಯಾನೊಮೀಟರಿನ ಅತಿನೇರಳೆ ಬೆಳಕಿನ ಅಡ್ಡಕೊಯ್ತವನ್ನು ಸ್ಟೋನ್ ಮತ್ತು ಜಿಫ್ 1974ರಲ್ಲಿ ಪ್ರಕಟಿಸಿದರು. ಜಿಫ್ ಮತ್ತು ಅರ್ಡ್‌ಮನ್ 1985ರಲ್ಲಿ ಆ ಬೆಲೆಯನ್ನು ಗಣನೀಯವಾಗಿ ತಗ್ಗಿಸಿದರು. ಕೆಂಪು ಮತ್ತು ಹಸಿರು ಬೆಳಕಿನ ಸ್ಥಿತಿಗಳನ್ನು ಡೋರಿಂಗ್ ಮತ್ತು ಗುಲ್ಚಿಚೆಕ್ 1989ರಲ್ಲಿ ಶಕ್ತಿನಷ್ಟ ವಿಧಾನದಿಂದ ಅಳೆದರು. ಅಡ್ಡಕೊಯ್ತವನ್ನು ಹೆಚ್ಚಾಗಿ ಎಣಿಸಿದರೆ, ಅದೇ ಬೆಳಕಿಗೆ ಪರಮಾಣುಗಳೋ ಎಲೆಕ್ಟ್ರಾನುಗಳೋ ನಿಜಕ್ಕಿಂತ ಕಡಿಮೆಯೆಂದು ಲೆಕ್ಕ ಬರುತ್ತದೆ. ಪರಿಷ್ಕರಣೆಯ ಮಹತ್ತ್ವವಿರುವುದು ಇಲ್ಲಿಯೇ.

ಭಾರತದಲ್ಲಿ ವೀಕ್ಷಣೆ

2024ರ ಮೇ 10–11ರ ರಾತ್ರಿ ಪ್ರಬಲ ಭೂಕಾಂತೀಯ ಬಿರುಗಾಳಿಯ ಸಂದರ್ಭದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಲಡಾಖಿನ ಹಾನ್ಲೆಯಲ್ಲಿ ನಡೆಸುವ ವೀಕ್ಷಣಾಲಯದ ಕ್ಯಾಮೆರಾಗಳು ಆಕಾಶದಲ್ಲಿ ಕೆಂಪು ಪ್ರಭೆಯನ್ನು ದಾಖಲಿಸಿದವು. ಅಲ್ಲಿಯ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಹೊಸಕೋಟೆಯ ಕೇಂದ್ರದಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸಲಾಗುತ್ತದೆ. ಇಂಥ ಕೆಂಪು ಪ್ರಭೆಯ ತೀವ್ರತೆಯಿಂದ ಎಲೆಕ್ಟ್ರಾನುಗಳ ಪ್ರಮಾಣವನ್ನು ಅಂದಾಜಿಸುವಾಗ ಮೇಲಿನ ಅಡ್ಡಕೊಯ್ತಗಳೇ ಆಧಾರ.