ಮೌನದ ಮನೆಯಲ್ಲಿ ಮಾತಿನ ಸರದಿ

ಕ್ಯಾಥೊಲಿಕ್ ಧ್ಯಾನಕೂಟ ಎಂದರೆ ಮಂಗಳೂರು, ಬೆಂಗಳೂರುಗಳ ಓದುಗರಿಗೆ ಥಟ್ಟನೆ ನೆನಪಾಗುವುದು ಧ್ವನಿವರ್ಧಕ, ಕೀಬೋರ್ಡು, ಕೈಯೆತ್ತಿ ಹಾಡುವ ಸಭೆ. ಈ ರೂಪಕ್ಕೆ ಐವತ್ತು-ಅರವತ್ತು ವರ್ಷಕ್ಕಿಂತ ಹೆಚ್ಚಿನ ವಯಸ್ಸಿಲ್ಲ. ಅದಕ್ಕೆ ಹಿಂದಿನ ನಾಲ್ಕು ಶತಮಾನ ಧ್ಯಾನಕೂಟವೆಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದೇ ಅರ್ಥವಿತ್ತು. ಹರೆಯದವರನ್ನು ಮನೆಯಿಂದ ಬಿಡಿಸಿ ಕೆಲವು ದಿನ ಒಂದೆಡೆ ಇರಿಸುವ ವಸತಿ ಕೇಂದ್ರಗಳ ಚರಿತ್ರೆಯನ್ನು ಸಂತರ ಚರಿತ್ರೆಯಾಗಿ ಬರೆದವರಿದ್ದಾರೆ, ಕಟ್ಟಡಗಳ ಚರಿತ್ರೆಯಾಗಿಯೂ ಬರೆಯಬಹುದು. ನನಗೆ ಅದು ಹೆಚ್ಚಾಗಿ ಅಲ್ಲಿ ಮಾತಾಡುವವರು ಯಾರು ಎಂಬ ತಕರಾರಿನ ಚರಿತ್ರೆಯಾಗಿ ಕಾಣುತ್ತದೆ.

1521ರಲ್ಲಿ ಪಾಂಪ್ಲೋನದ ಕೋಟೆ ಕಾಯುತ್ತ ಫಿರಂಗಿ ಗುಂಡಿಗೆ ಕಾಲು ಮುರಿದುಕೊಂಡ ಇಗ್ನೇಷಿಯಸ್ ಲೊಯೋಲ, ಮರುವರ್ಷ ಮನ್ರೇಸ ಎಂಬ ಊರಿನಲ್ಲಿ ತಿಂಗಳುಗಟ್ಟಲೆ ತಪಸ್ಸಿಗೆ ಕೂತ. ಅಲ್ಲಿ ಬರೆಯತೊಡಗಿದ ಟಿಪ್ಪಣಿಗಳೇ ಮುಂದೆ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಪುಸ್ತಕವಾದವು. ಓದಿ ಮುಗಿಸುವ ಪುಸ್ತಕವಲ್ಲ ಇದು. ಸಾಧನೆ ಮಾಡಿಸುವವನ ಕೈಪಿಡಿ. ಪೂರ್ತಿ ಮಾಡಲು ಸುಮಾರು ಮೂವತ್ತು ದಿನ ಬೇಕು. ಮೊದಲಿಗೇ ಇಪ್ಪತ್ತು ಸೂಚನೆಗಳಿವೆ. ಇಪ್ಪತ್ತನೆಯದರಲ್ಲಿ ವಸತಿ ಕೇಂದ್ರದ ಬೀಜವಿದೆ: ಅನುಕೂಲವಿದ್ದವನು ಬಂಧುಮಿತ್ರರನ್ನೂ ವ್ಯವಹಾರವನ್ನೂ ಬಿಟ್ಟು, ವಾಸದ ಮನೆಯಿಂದ ಬೇರೊಂದು ಮನೆಗೋ ಕೋಣೆಗೋ ಹೋಗಿ ಇರಲಿ. ಎರಡನೆಯದು ಗುರುವಿಗೆ ಹಾಕಿದ ಕಡಿವಾಣ. ವಿಷಯವನ್ನು ಚುಟುಕಾಗಿ ಹೇಳಿ ನಿಲ್ಲಿಸು, ಉಳಿದದ್ದನ್ನು ಸಾಧಕನೇ ಕಂಡುಕೊಳ್ಳಲಿ. ಹದಿನೈದನೆಯದು ಇನ್ನೂ ಖಡಕ್ಕು: ದೇವರಿಗೂ ಆ ಜೀವಕ್ಕೂ ನಡುವೆ ತಲೆ ಹಾಕಬೇಡ. ಹದಿನಾಲ್ಕನೆಯ ಸೂಚನೆ, ಉತ್ಸಾಹ ಉಕ್ಕಿದ ಹೊತ್ತಿನಲ್ಲಿ ಸಾಧಕ ಅವಸರದ ಹರಕೆ, ಪ್ರತಿಜ್ಞೆ ಮಾಡದಂತೆ ತಡೆ ಎನ್ನುತ್ತದೆ. ಈ ಮಾತು ಮುಂದೆ ಬೇಕಾಗುತ್ತದೆ.

ಇಗ್ನೇಷಿಯಸ್ ಇದನ್ನು ಮಾಡಿಸಿದವರಲ್ಲಿ ಕಾಲೇಜು ಹುಡುಗರೇ ಮುಖ್ಯ ಎಂಬುದನ್ನು ನಾವು ಮರೆಯುತ್ತೇವೆ. ಆಗಿನ್ನೂ ಅವನಿಗೆ ಯಾಜಕ ದೀಕ್ಷೆಯಾಗಿರಲಿಲ್ಲ. 1529ರಲ್ಲಿ ಪ್ಯಾರಿಸ್ಸಿನ ಮೂವರು ಸ್ಪ್ಯಾನಿಷ್ ವಿದ್ಯಾರ್ಥಿಗಳು ಸಾಧನೆ ಮುಗಿಸಿದ್ದೇ ತಮ್ಮ ಆಸ್ತಿಪಾಸ್ತಿ ದಾನ ಮಾಡಿ ಭಿಕ್ಷೆಗೆ ಹೊರಟರು. ವಿಶ್ವವಿದ್ಯಾಲಯದಲ್ಲಿ ದೊಡ್ಡ ಗದ್ದಲವೆದ್ದಿತು. ಸೇಂಟ್ ಬಾರ್ಬ್ ಕಾಲೇಜಿನ ಪ್ರಾಂಶುಪಾಲ, ತನ್ನ ಕಾಲೇಜಿನ ಹುಡುಗನ ತಲೆ ಕೆಡಿಸಿದವನು ಇತ್ತ ಬಂದರೆ ಚಾವಟಿ ಏಟು ಕೊಡಿಸುತ್ತೇನೆ ಎಂದು ಗುಡುಗಿದ. ಧ್ಯಾನಕೂಟಕ್ಕೆ ಹೋದ ಮಗ ಕೈತಪ್ಪಿ ಹೋದನೆಂಬ ದೂರು ಧ್ಯಾನಕೂಟದಷ್ಟೇ ಹಳೆಯದು. ಇಗ್ನೇಷಿಯಸ್‌ಗೆ ಇದರಿಂದ ಬುದ್ಧಿ ಬಂದಂತಿದೆ. ಮುಂದೆ ಸಹಪಾಠಿ ಪಿಯರ್ ಫಾವ್ರನನ್ನು ವರ್ಷಗಟ್ಟಲೆ ಕಾಯಿಸಿ, 1534ರ ಕೊರೆಯುವ ಚಳಿಗಾಲದಲ್ಲಿ ಪ್ಯಾರಿಸ್ಸಿನ ಒಂದು ಬಾಡಿಗೆ ಕೋಣೆಗೆ ಕಳಿಸಿದ. ಫಾವ್ರನ ಕೋಣೆಯ ಸಂಗಾತಿ ಫ್ರಾನ್ಸಿಸ್ ಝೇವಿಯರ್ ಅದೇ ಸಾಧನೆ ಮುಗಿಸಿದವನೇ. 1542ರಲ್ಲಿ ಗೋವಾಕ್ಕೆ ಬಂದಿಳಿದವನು ಅವನೇ. ನಮ್ಮ ಕರಾವಳಿಗೂ ಆ ಕೋಣೆಗೂ ಇರುವ ನಂಟು ಅದು. 1548ರಲ್ಲಿ ಮೂರನೇ ಪೌಲ್ ಪೋಪರು ಪುಸ್ತಕಕ್ಕೆ ಒಪ್ಪಿಗೆ ಕೊಟ್ಟರು.

ಒಬ್ಬನಿಗೆ ಕೋಣೆ ಸಾಕು, ನೂರು ಜನರಿಗೆ ಮನೆ ಬೇಕು. ಅದಕ್ಕಾಗಿಯೇ ಮೀಸಲಾದ ಮನೆ ಮೊದಲು ಗಟ್ಟಿಯಾಗಿ ನಿಂತದ್ದು 1660ರ ದಶಕದಲ್ಲಿ, ಫ್ರಾನ್ಸಿನ ಬ್ರಿಟನಿ ಸೀಮೆಯ ವಾನ್ ಪಟ್ಟಣದಲ್ಲಿ. ಸೆಮಿನರಿಗೆಂದು ಕಟ್ಟಿದ ಕಟ್ಟಡವದು. ಕೆರ್ಲಿವಿಯೊ ಎಂಬ ಗುರುಗಳು ಅದನ್ನು ಬಿಟ್ಟುಕೊಟ್ಟರು, ಇಗ್ನೇಷಿಯಸ್ ಕಟ್ಟಿದ ಯೇಸುಸಭೆಯ ವಿನ್ಸೆಂಟ್ ಹ್ಯೂಬಿ ನಡೆಸಿದರು. ಹೆಂಗಸರಿಗಾಗಿ ಕ್ಯಾಥರಿನ್ ದ ಫ್ರಾಂಶ್‌ವಿಲ್ ತಮ್ಮ ಹಣದಿಂದ ಬೇರೆ ಮನೆ ಮಾಡಿದರು. 1826ರಲ್ಲಿ ಲಾಲುವೆಸ್ಕ್ ಎಂಬ ಬೆಟ್ಟದ ಯಾತ್ರಾಸ್ಥಳದಲ್ಲಿ ಯಾತ್ರಿಕರ ತಂಗುದಾಣವಾಗಿ ಶುರುವಾದ ಮನೆ ಮಹಿಳೆಯರ ಧ್ಯಾನಕೇಂದ್ರವಾಗಿ, ಸೆನೆಕಲ್ ಭಗಿನಿಯರ ಸಭೆಯೇ ಹುಟ್ಟಿತು. ಮತ್ತೊಂದು ಉದ್ದೇಶಕ್ಕೆ ಕಟ್ಟಿದ ಕಟ್ಟಡದಲ್ಲಿ ಧ್ಯಾನ ಬಂದು ನೆಲೆಸುವ ಈ ಚಾಳಿ ಇವತ್ತಿಗೂ ಮುಂದುವರಿದಿದೆ.

ಆದರೆ ಗುಂಪು ಸೇರಿದ್ದೇ ಗುರುವಿನ ನಾಲಿಗೆ ಸಡಿಲವಾಯಿತು. ಒಬ್ಬೊಬ್ಬನಿಗೂ ದಿನಕ್ಕೊಮ್ಮೆ ಚುಟುಕಾಗಿ ಹೇಳುವ ಜಾಗದಲ್ಲಿ ಎಲ್ಲರಿಗೂ ಒಟ್ಟಿಗೆ ದಿನಕ್ಕೆ ಹಲವು ಪ್ರಸಂಗ. ಎಳೆಯರು ಸುಮ್ಮನೆ ಕೂತರು, ಹಿರಿಯರು ಮಾತಾಡಿದರು. ಮೌನವೇನೋ ಉಳಿಯಿತು, ಆದರೆ ಕೇಳುವವರ ಪಾಲಿಗೆ ಮಾತ್ರ. ಕ್ಯಾಥೊಲಿಕ್ ಶಾಲೆಗಳಲ್ಲಿ ವರ್ಷಕ್ಕೊಮ್ಮೆಯ ಮೂರು ದಿನದ ಧ್ಯಾನ ಕಡ್ಡಾಯ ಪದ್ಧತಿಯಾಯಿತು. ಆ ಮೂರು ದಿನ ಹುಡುಗನೊಬ್ಬನ ಒಳಗೆ ಏನು ಮಾಡಬಲ್ಲದು ಎಂಬುದಕ್ಕೆ ಜೇಮ್ಸ್ ಜಾಯ್ಸ್ 1916ರಲ್ಲಿ ಪ್ರಕಟಿಸಿದ ‘ಎ ಪೋರ್ಟ್ರೇಟ್ ಆಫ್ ದಿ ಆರ್ಟಿಸ್ಟ್ ಆ್ಯಸ್ ಎ ಯಂಗ್ ಮ್ಯಾನ್’ ಕಾದಂಬರಿಯ ಮೂರನೇ ಅಧ್ಯಾಯಕ್ಕಿಂತ ಒಳ್ಳೆಯ ದಾಖಲೆ ನನಗೆ ಗೊತ್ತಿಲ್ಲ. ಡಬ್ಲಿನ್ನಿನ ಯೇಸುಸಭೆಯ ಶಾಲೆ, ನರಕದ ಮೇಲೆ ನರಕದ ಪ್ರಸಂಗ, ಬೆವತು ಪಾಪನಿವೇದನೆಗೆ ಓಡುವ ಹುಡುಗ. ಕಾದಂಬರಿ ಮುಗಿಯುವ ಹೊತ್ತಿಗೆ ಅವನು ಧರ್ಮಸಭೆಯನ್ನೇ ಬಿಟ್ಟಿರುತ್ತಾನೆ.

ಇದಕ್ಕಿಂತ ಬೇರೆ ದಾರಿ ಹಿಡಿದವರು ಇಟಲಿಯ ಟ್ಯೂರಿನ್ನಿನ ಡಾನ್ ಬೋಸ್ಕೊ. ಹುಡುಗರು ಓಡಲಿ, ನೆಗೆಯಲಿ, ಗಲಾಟೆ ಮಾಡಲಿ ಎಂದವರು. ತಮ್ಮ ಶಿಕ್ಷಣ ಪದ್ಧತಿಯ ಕುರಿತು 1877ರಲ್ಲಿ ಬರೆದ ಕಿರುಹೊತ್ತಗೆಯಲ್ಲಿ, ಸಂಸ್ಕಾರಗಳನ್ನು ಪಡೆಯಲು ಹುಡುಗರನ್ನು ಎಂದೂ ಬಲವಂತ ಮಾಡಕೂಡದು, ಧ್ಯಾನದ ದಿನಗಳಲ್ಲಿ ಧರ್ಮದ ಸೊಗಸನ್ನು ತೋರಿಸಬೇಕು ಎಂದರು. ಅವರು ಕಟ್ಟಿದ ಸಲೇಸಿಯನ್ ಸಭೆಯ ಯುವಕೇಂದ್ರಗಳಲ್ಲಿ ಪ್ರಾರ್ಥನಾ ಮಂದಿರದ ಪಕ್ಕದಲ್ಲೇ ಆಟದ ಬಯಲು ಇರುವುದಕ್ಕೆ ಕಾರಣ ಇದೇ.

1929ರ ಡಿಸೆಂಬರಿನಲ್ಲಿ ಹನ್ನೊಂದನೇ ಪಯಸ್ ಪೋಪರು ಧ್ಯಾನಕೂಟಗಳ ಕುರಿತೇ ಒಂದು ವಿಶ್ವಪತ್ರ ಹೊರಡಿಸಿ ಗುರುಗಳು, ಶ್ರೀಸಾಮಾನ್ಯರು, ಕಾರ್ಮಿಕರು ಎಲ್ಲರಿಗೂ ಇದು ಬೇಕು ಎಂದಾಗ ಚಳವಳಿಗೆ ಅಧಿಕೃತ ಮುದ್ರೆ ಬಿತ್ತು. ಧ್ಯಾನಮನೆಗಳು ಊರೂರಿಗೆ ಎದ್ದವು. ಈ ಅವಧಿಯಲ್ಲಿ ಸಂಖ್ಯೆ ಬೆಳೆಯಿತೇ ಹೊರತು ರೀತಿ ಹೆಚ್ಚು ಬದಲಾಗಲಿಲ್ಲ.

ನಿಜವಾದ ತಿರುವು ಸ್ಪೇನಿನ ಮಯೋರ್ಕ ದ್ವೀಪದಲ್ಲಿ ಬಂತು, ಅದೂ ಯಾಜಕನಲ್ಲದ ಒಬ್ಬ ತರುಣನಿಂದ. ಎದುವಾರ್ದೊ ಬೊನಿನ್‌ಗೆ ಆಗ ಇಪ್ಪತ್ತೇಳು ವರ್ಷ. 1944ರ ಆಗಸ್ಟಿನಲ್ಲಿ ಕಾಲ ಫಿಗೇರ ಎಂಬ ಕಡಲತಡಿಯ ಹಳ್ಳಿಯಲ್ಲಿ ಯುವಕರಿಗಾಗಿ ಮೂರು ದಿನದ ಕಿರುಪಾಠ ನಡೆಸಿದ. 1949ರ ಜನವರಿಯ ಹೊತ್ತಿಗೆ ‘ಕುರ್ಸಿಲ್ಯೊ’ ಎಂಬ ಈ ಕಿರುಪಾಠಕ್ಕೆ ಪೂರ್ಣರೂಪ ಬಂದಿತ್ತು. ವ್ಯತ್ಯಾಸ ಸರಳ: ಹೆಚ್ಚಿನ ಉಪನ್ಯಾಸಗಳನ್ನು ಗುರುಗಳಲ್ಲ, ಬಂದವರಂಥದೇ ಯುವಕರು ಕೊಡುತ್ತಾರೆ, ತಮ್ಮ ಬದುಕನ್ನೇ ಹೇಳಿಕೊಳ್ಳುತ್ತಾರೆ. ಬೆಂಬಲಿಸಿದ ಧರ್ಮಾಧ್ಯಕ್ಷರು ವರ್ಗವಾಗಿ ಹೋದ ಮೇಲೆ, 1956ರಲ್ಲಿ ಅವರ ಉತ್ತರಾಧಿಕಾರಿ ಕುರ್ಸಿಲ್ಯೊವನ್ನು ಅದು ಹುಟ್ಟಿದ ದ್ವೀಪದಲ್ಲೇ ನಿಷೇಧಿಸಿದರು. ಆದರೆ ಮರುವರ್ಷವೇ ಅದು ಅಮೆರಿಕದ ಟೆಕ್ಸಸ್ಸಿಗೆ ಹೋಗಿ ಮುಟ್ಟಿತು. ಒಯ್ದವರು ಅಲ್ಲಿ ತರಬೇತಿಯಲ್ಲಿದ್ದ ಸ್ಪೇನ್ ವಾಯುಪಡೆಯ ಇಬ್ಬರು ಹುಡುಗರು.

ಅಮೆರಿಕದಲ್ಲಿ ಅದಕ್ಕೆ ಮರಿಗಳಾದವು. 1965ರಲ್ಲಿ ಮಿಷಿಗನ್ನಿನ ಬ್ಯಾಟಲ್ ಕ್ರೀಕ್‌ನಲ್ಲಿ ಹದಿಹರೆಯದವರಿಗೆಂದೇ ‘ಟೀನ್ಸ್ ಎನ್‌ಕೌಂಟರ್ ಕ್ರೈಸ್ಟ್’ ಶುರುವಾಯಿತು: ಮೊದಲ ದಿನ ಶುಭ ಶುಕ್ರವಾರ, ಎರಡನೆಯ ದಿನ ಪುನರುತ್ಥಾನ, ಮೂರನೆಯ ದಿನ ಪಂಚಾಶತ್ತಮ. 1967ರ ಫೆಬ್ರವರಿಯಲ್ಲಿ ಡ್ಯೂಕೇನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಪಿಟ್ಸ್‌ಬರ್ಗ್ ಬಳಿಯ ‘ಆರ್ಕ್ ಆ್ಯಂಡ್ ಡವ್’ ಎಂಬ ಧ್ಯಾನಮನೆಯಲ್ಲಿ ವಾರಾಂತ್ಯ ಕಳೆದರು. ಕ್ಯಾಥೊಲಿಕ್ ಕ್ಯಾರಿಸ್ಮ್ಯಾಟಿಕ್ ನವೀಕರಣ ಹೊರಟದ್ದು ಅಲ್ಲಿಂದ. ಹಾಗಾಗಿ ಇವತ್ತು ಜಗತ್ತಿನಾದ್ಯಂತ ನಡೆಯುವ ಕೈಯೆತ್ತಿದ ಸ್ತುತಿಯ ಹುಟ್ಟು ಒಂದು ವಿದ್ಯಾರ್ಥಿ ಧ್ಯಾನಕೂಟವೇ. ಇಗ್ನೇಷಿಯಸ್ ಬೇಡವೆಂದ ಮಾತು ಈಗ ಎಳೆಯರ ಬಾಯಿಗೆ ಬಂದಿತ್ತು.

ವಸತಿ ಕೇಂದ್ರವನ್ನು ಯುವಕರಿಗೆಂದೇ ಮೀಸಲಿಟ್ಟು ಅತಿ ವ್ಯವಸ್ಥಿತವಾಗಿ ಬೆಳೆಸಿದ್ದು ಇಂಗ್ಲೆಂಡ್. ಅಲ್ಲಿ ಕ್ಯಾಥೊಲಿಕರು ಅಲ್ಪಸಂಖ್ಯಾತರು, ಆದರೆ ಸರ್ಕಾರದ ಅನುದಾನ ಪಡೆಯುವ ಕ್ಯಾಥೊಲಿಕ್ ಶಾಲೆಗಳ ದೊಡ್ಡ ಜಾಲವಿದೆ. ಶಾಲೆ ತರಗತಿಯನ್ನು ಬಸ್ಸು ಹತ್ತಿಸಿ ಕಳಿಸುತ್ತದೆ. ಲೇಕ್ ಡಿಸ್ಟ್ರಿಕ್ಟಿನ ಕೆಸಿಕ್ ಬಳಿಯ ಕಾಸಲ್‌ರಿಗ್ ಮ್ಯಾನರ್ ಲ್ಯಾಂಕಾಸ್ಟರ್ ಧರ್ಮಪ್ರಾಂತ್ಯದ್ದು. ಬಾಲಿಂಗ್ಟನ್ನಿನ ಸಾವಿಯೊ ಹೌಸ್ ಸಲೇಸಿಯನ್ನರದು. ಸ್ಟಾಫರ್ಡ್‌ಶೈರಿನ ಆಲ್ಟನ್ ಕಾಸಲ್ ಇವುಗಳಲ್ಲಿ ವಿಚಿತ್ರವಾದದ್ದು. ಗೋಥಿಕ್ ಶೈಲಿಯನ್ನು ಮತ್ತೆ ತಂದ ವಾಸ್ತುಶಿಲ್ಪಿ ಪ್ಯೂಜಿನ್ 19ನೇ ಶತಮಾನದ ನಡುವೆ ಶ್ರೂಸ್‌ಬರಿಯ ಅರ್ಲ್‌ಗಾಗಿ ಕಟ್ಟಿದ ಕೋಟೆಮನೆ 1996ರಿಂದ ಬರ್ಮಿಂಗ್‌ಹ್ಯಾಮ್ ಮಹಾಧರ್ಮಪ್ರಾಂತ್ಯದ ಮಕ್ಕಳ ಧ್ಯಾನಕೇಂದ್ರ. ಕಣಿವೆಯ ಆಚೆಗೆ ಆಲ್ಟನ್ ಟವರ್ಸ್ ಎಂಬ ಪ್ರಸಿದ್ಧ ಮನರಂಜನಾ ಪಾರ್ಕು! ಇಂಥ ಕೇಂದ್ರಗಳನ್ನು ನಡೆಸುವುದು ಹದಿನೆಂಟರಿಂದ ಇಪ್ಪತ್ತೈದರ ಆಸುಪಾಸಿನ ಸ್ವಯಂಸೇವಕರ ತಂಡ. ಶಾಲೆ ಮುಗಿಸಿ ಕಾಲೇಜಿಗೆ ಹೋಗುವ ಮೊದಲೋ ಪದವಿಯ ನಂತರವೋ ಒಂದು ವರ್ಷ ಅಲ್ಲೇ ಒಟ್ಟಿಗೆ ಬಾಳಿ, ಬರುವ ಮಕ್ಕಳಿಗೆ ಆಟ ಆಡಿಸಿ, ತಮ್ಮ ಕಥೆ ಹೇಳಿ, ಪಾತ್ರೆ ತೊಳೆಯುತ್ತಾರೆ. ಬೊನಿನ್ ಮಾಡಿದ ಪ್ರಯೋಗ ಇಲ್ಲಿ ವರ್ಷಪೂರ್ತಿಯ ಸಂಸ್ಥೆಯಾಗಿದೆ. ಮೌನವೋ, ಸಂಜೆಯ ಅರ್ಧ ಗಂಟೆ.

ಭಾರತದಲ್ಲಿ ದಾರಿ ಕವಲೊಡೆಯಿತು. ಒಂದು ಕವಲು ಮೌನದ್ದು. ಮುಂಬೈಯಲ್ಲಿ ಹುಟ್ಟಿದ ಯೇಸುಸಭೆಯ ಆಂಥೊನಿ ಡಿ ಮೆಲ್ಲೊ ಲೋಣಾವಳದ ಸಾಧನಾ ಕೇಂದ್ರದಲ್ಲಿ ಉಸಿರಿನ ಮೇಲಿನ ಗಮನವನ್ನು ಇಗ್ನೇಷಿಯಸ್‌ನ ಸಾಧನೆಯ ಜೊತೆ ಬೆಸೆದರು. 1998ರಲ್ಲಿ ವ್ಯಾಟಿಕನ್ ಅವರ ಬರಹಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು, ಅವರು ತೀರಿಕೊಂಡು ಆಗಲೇ ಹನ್ನೊಂದು ವರ್ಷವಾಗಿತ್ತು. ಮೈಸೂರಿನ ಚಾಮುಂಡಿ ಬೆಟ್ಟದ ಬುಡದಲ್ಲಿ ಅಮಲೋರ್ಪವದಾಸ್ ಎಂಬ ಗುರುಗಳು ಕಟ್ಟಿದ ಅಂಜಲಿ ಆಶ್ರಮವೂ ಇದೇ ಕವಲಿನದು. ಇನ್ನೊಂದು ಕವಲು ಸ್ತುತಿಯದ್ದು: ಕೇರಳದ ಚಾಲಕುಡಿ ಹೊಳೆಯ ದಂಡೆಯ ಮುರಿಂಗೂರಿನಲ್ಲಿ ವಿನ್ಸೆಂಷಿಯನ್ ಸಭೆಯ ಗುರುಗಳು 1990ರಲ್ಲಿ ಶುರುಮಾಡಿದ ಡಿವೈನ್ ಕೇಂದ್ರ. ಭಾನುವಾರ ಬಂದು ಶುಕ್ರವಾರ ಮರಳುವ ವಸತಿ ಕೂಟಗಳು, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ. ಮೂಲ್ಕಿಯ ಡಿವೈನ್ ಕಾಲ್ ಸೆಂಟರ್ ಕರಾವಳಿಯವರಿಗೆ ಆ ಅನುಭವವನ್ನು ಹತ್ತಿರ ತಂದಿತು. ಮೌನದ ಕವಲಿಗೆ ಹೆಚ್ಚು ಹೋದವರು ಧಾರ್ಮಿಕ ಸಭೆಗಳ ಸದಸ್ಯರು, ಓದುಬಲ್ಲವರು. ಕೂಲಿಯವರ ಮಕ್ಕಳು ಹತ್ತಿದ್ದು ಮುರಿಂಗೂರಿನ ರೈಲನ್ನೇ. ಮೊದಲನೆಯದು ಮೇಲು ಎಂದು ಮೂಗು ಮುರಿಯುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ.

ಆದರೆ ಸ್ತುತಿಯ ಕೂಟದ ಕೊನೆಯ ರಾತ್ರಿಯ ಬಗ್ಗೆ ನನ್ನ ತಕರಾರಿದೆ. ದೀಪ ಆರಿಸಿ, ಮೆಲುದನಿಯ ಸಂಗೀತ ಹಾಕಿ, ತಾಯ್ತಂದೆಯರನ್ನು ನೆನಪಿಸಿ ಅಳಿಸಿ, ಆಮೇಲೆ ಬದುಕನ್ನು ಒಪ್ಪಿಸುವವರು ಮುಂದೆ ಬನ್ನಿ ಎನ್ನುವ ಕ್ರಮ ಎಷ್ಟೋ ಕಡೆ ಸಿದ್ಧಪಾಕವಾಗಿಬಿಟ್ಟಿದೆ. ಹದಿನಾಲ್ಕನೆಯ ಸೂಚನೆ ತಡೆ ಎಂದದ್ದು ಇದನ್ನೇ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ರಜೆಯಲ್ಲಿ ಧಾರ್ಮಿಕ ಸಭೆಗಳು ಹೊಸ ಸದಸ್ಯರಿಗಾಗಿ ನಡೆಸುವ ದೇವಕರೆ ಶಿಬಿರಗಳಿಗಂತೂ ಆ ಸೂಚನೆಯನ್ನು ಗೋಡೆಗೆ ಬರೆಸಬೇಕು. ಹದಿನಾರು ವರ್ಷದ ಹುಡುಗಿ ಐದನೇ ದಿನ ಹೇಳುವ ‘ಹೂಂ’ಗೆ ಆರು ತಿಂಗಳಾದರೂ ಕಾಯಬೇಕು.

ಇನ್ನೊಂದು ಬದಲಾವಣೆ ಹೊರಗಿನ ಒತ್ತಡದಿಂದ ಬಂದದ್ದು. ಯಾಜಕರಿಂದ ಮಕ್ಕಳ ಮೇಲಾದ ಲೈಂಗಿಕ ದೌರ್ಜನ್ಯಗಳು ಬಯಲಾದ ಮೇಲೆ ಇಂಗ್ಲೆಂಡಿನಲ್ಲಿ 2001ರಲ್ಲಿ ಧರ್ಮಸಭೆಯಲ್ಲಿ ಮಕ್ಕಳ ರಕ್ಷಣೆ ಕುರಿತ ನೋಲನ್ ವರದಿ ಬಂತು. 2020ರಲ್ಲಿ ಸ್ವತಂತ್ರ ವಿಚಾರಣಾ ಆಯೋಗ ಧರ್ಮಸಭೆಯನ್ನು ಇನ್ನೂ ಕಟುವಾಗಿ ತರಾಟೆಗೆ ತೆಗೆದುಕೊಂಡಿತು. ಹಿರಿಯನೊಬ್ಬ ಕಿರಿಯನೊಂದಿಗೆ ಮುಚ್ಚಿದ ಕೋಣೆಯಲ್ಲಿ ಕೂರುವುದೇ ಸಾಧನೆಯ ಜೀವಾಳವಾಗಿದ್ದ ಪರಂಪರೆಗೆ ಇದು ಸಣ್ಣ ಪೆಟ್ಟಲ್ಲ. ಈಗ ಪಾಪನಿವೇದನೆ ಎಲ್ಲರ ಕಣ್ಣಿಗೆ ಕಾಣುವಂತೆ, ಕಿವಿಗೆ ಕೇಳದಂತೆ ನಡೆಯಬೇಕು. ಮಲಗುವ ಕೋಣೆಗಳಿಗೆ ಬೇರೆ ನಿಯಮ. ನಮ್ಮಲ್ಲಿ 2012ರ ಪೋಕ್ಸೊ ಕಾಯ್ದೆ ಧ್ಯಾನಕೇಂದ್ರಕ್ಕೂ ಅನ್ವಯಿಸುತ್ತದೆ.

ಹಣದ ಕಥೆ ಬೇರೆ. ಅಮೆರಿಕದಲ್ಲಿ ಶ್ರೀಸಾಮಾನ್ಯರ ಧ್ಯಾನಚಳವಳಿಯ ತವರಾಗಿದ್ದ, 1911ರಲ್ಲಿ ಶುರುವಾದ ನ್ಯೂಯಾರ್ಕಿನ ಮೌಂಟ್ ಮನ್ರೇಸ ಧ್ಯಾನಮನೆಯನ್ನು ಯೇಸುಸಭೆ 2013ರಲ್ಲಿ ಬಿಲ್ಡರುಗಳಿಗೆ ಮಾರಿತು. 2020ರಲ್ಲಿ ಕೋವಿಡ್ ಶಾಲಾ ಬಸ್ಸುಗಳನ್ನು ನಿಲ್ಲಿಸಿದಾಗ ಇಂಗ್ಲೆಂಡಿನ ಕೇಂದ್ರಗಳ ಆದಾಯವೂ ನಿಂತಿತು.

2018ರಲ್ಲಿ ಯುವಜನರ ಕುರಿತೇ ರೋಮಿನಲ್ಲಿ ಧರ್ಮಾಧ್ಯಕ್ಷರ ಸಭೆ ನಡೆಯಿತು. ಮರುವರ್ಷ ಪೋಪ್ ಫ್ರಾನ್ಸಿಸ್ ಯುವಕರೇ ಯುವಸೇವೆಯ ಕರ್ತೃಗಳಾಗಬೇಕು ಎಂದು ಬರೆದರು. ಕರ್ನಾಟಕದ ಕೇಂದ್ರಗಳಲ್ಲಿ ಮೈಕು ಇವತ್ತಿಗೂ ಹೆಚ್ಚಾಗಿ ಗುರುಗಳ, ಭಗಿನಿಯರ ಕೈಯಲ್ಲೇ ಇದೆ. ಇದಕ್ಕೆ ಹೊರತಾದ ಮಾದರಿ ಕೇರಳದಿಂದ ಬಂದಿದೆ. 1985ರ ಯುವಸಮ್ಮೇಳನದಿಂದ ಹೆಸರು ಪಡೆದ ಜೀಸಸ್ ಯೂತ್ ಚಳವಳಿ ಮಲಯಾಳಿ ನರ್ಸುಗಳ, ಎಂಜಿನಿಯರುಗಳ ಜೊತೆ ಕೊಲ್ಲಿ ದೇಶಗಳಿಗೂ ಬೆಂಗಳೂರಿಗೂ ಹರಡಿತು, 2016ರಲ್ಲಿ ವ್ಯಾಟಿಕನ್ ಮನ್ನಣೆ ಪಡೆಯಿತು. ಅದರ ಪೂರ್ಣಾವಧಿ ಕಾರ್ಯಕರ್ತರು ಓದು, ಕೆಲಸಗಳ ನಡುವೆ ವರ್ಷ ಬಿಡುವು ಮಾಡಿಕೊಂಡು ಬಂದ ತರುಣ ತರುಣಿಯರು. ಕನ್ನಡ ಮಾತಾಡುವ ಧರ್ಮಕೇಂದ್ರಗಳ ಹುಡುಗರು ಹಾಗೆ ಒಂದು ವರ್ಷ ಕೊಡಬೇಕೆಂದರೆ ಅವರ ಊಟ, ವಸತಿ, ಕೈಖರ್ಚು ಯಾರು ನೋಡಿಕೊಳ್ಳಬೇಕು ಎಂಬುದನ್ನು ಧರ್ಮಪ್ರಾಂತ್ಯಗಳು ಬಜೆಟ್ಟಿನಲ್ಲಿ ಬರೆಯಬೇಕಾಗುತ್ತದೆ.