ವಾರದ ಏಳು ದಿನಗಳು

ದಿನವನ್ನು ಸೂರ್ಯನೂ ಮಾಸವನ್ನು ಚಂದ್ರನೂ ಅಳೆಯುತ್ತಾರೆ. ವಾರವನ್ನು ಅಳೆಯುವವರು ಯಾರು? ಆಕಾಶದಲ್ಲಿ ಅದಕ್ಕೆ ನಿಖರವಾದ ಗುರುತಿಲ್ಲ. ಅದು ಮನುಷ್ಯರು ಮಾಡಿಕೊಂಡ ಕಟ್ಟಳೆ.

ಆರು ದಿನ ದುಡಿದು ಏಳನೆಯ ದಿನ ವಿರಮಿಸಬೇಕೆಂಬ ನಿಯಮವು ಯೆಹೂದ್ಯರದು. ಅವರ ದಿನಗಳಿಗೆ ಎಣಿಕೆಯಿದ್ದಿತೇ ಹೊರತು ಗ್ರಹಗಳ ಹೆಸರಿರಲಿಲ್ಲ. ಆ ಹೆಸರುಗಳು ಬಂದುದು ಗ್ರೀಕರ ಮತ್ತು ರೋಮನರ ಜ್ಯೋತಿಷದಿಂದ. ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ—ಇದು ಮಂದಗತಿಯಿಂದ ಶೀಘ್ರಗತಿಗೆ ಇಳಿಯುವ ಕ್ರಮ. ಈ ಕ್ರಮದಲ್ಲಿಯೇ ಒಂದೊಂದು ಗ್ರಹವು ಒಂದೊಂದು ಹೋರೆಯನ್ನು ಆಳುವುದು. ಮೊದಲ ಹೋರೆಯ ಒಡೆಯನೇ ದಿನದ ಒಡೆಯ. 24 ಹೋರೆಗಳನ್ನು 7ರಿಂದ ಭಾಗಿಸಲು 3 ಉಳಿಯುವುದರಿಂದ, ಶನಿಯಿಂದ ನಾಲ್ಕನೆಯವನಾದ ರವಿಗೆ ಮರುದಿನವೂ, ರವಿಯಿಂದ ನಾಲ್ಕನೆಯವನಾದ ಚಂದ್ರನಿಗೆ ಅದರ ಮರುದಿನವೂ ಸಲ್ಲುತ್ತವೆ. ನಮ್ಮ ವಾರಗಳ ಕ್ರಮವೂ ಇದೇ. 'ಹೋರಾ' ಎಂಬ ಶಬ್ದವೂ ಗ್ರೀಕಿನಿಂದ ಬಂದುದೇ.

ವೇದಾಂಗಜ್ಯೋತಿಷವು ತಿಥಿನಕ್ಷತ್ರಗಳನ್ನು ಬಲ್ಲುದು, ವಾರಗಳನ್ನರಿಯದು. ಬುಧಗುಪ್ತನ ಕಾಲದ ಏರಣದ ಶಾಸನವು ಕ್ರಿ.ಶ. 484ರಲ್ಲಿ ಗುರುವಾರವನ್ನು ಹೇಳುತ್ತದೆ.

ಫ್ರಾನ್ಸಿನ ಕ್ರಾಂತಿಕಾರರು 1793ರಲ್ಲಿ ಹತ್ತು ದಿನಗಳ ವಾರವನ್ನು ವಿಧಿಸಿದರು. 1806 ಹುಟ್ಟುವಷ್ಟರಲ್ಲಿ ಅದು ಅಳಿದಿತ್ತು. ರಾಜಾಜ್ಞೆಗೆ ಜಗ್ಗದ ಈ ಏಳನ್ನು ನಮ್ಮ ಪೂರ್ವಿಕರು ಯಾರ ಬಲವಂತವೂ ಇಲ್ಲದೆ ಪಂಚಾಂಗದ ಐದು ಅಂಗಗಳಲ್ಲಿ ಒಂದನ್ನಾಗಿ ಮಾಡಿಕೊಂಡರು. ಹೊರಗಿನಿಂದ ಬಂದುದೆಲ್ಲವೂ ಪರಕೀಯವೆಂದು ನುಡಿಯುವ ಮುನ್ನ, ಇಂದು ಯಾವ ವಾರವೆಂದು ನಾವು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.