ಅರಿಸಿನವೂ ಆತಪವೂ

ಬೇಸಗೆಯಲ್ಲಿ ದಾವಣಗೆರೆಯ ಬಿಸಿಲಿಗೆ ಹರಿಹರದ ಹೊಳೆದಂಡೆಯ ಬಿಸಿಲು ಸೋಲುವುದಿಲ್ಲ. ಇಂಥ ಸೀಮೆಯಲ್ಲಿ ಮೈಗೆ ಅರಿಸಿನ ಹಚ್ಚಿ ಮೀಯುವ ರೂಢಿ ಬಹು ಹಿಂದಿನದು. ಅರಿಸಿನವು ಬಿಸಿಲಿನಿಂದ ಚರ್ಮವನ್ನು ಕಾಯುತ್ತದೆಂಬ ಮಾತು ಈಗ ಜಾಹೀರಾತುಗಳಲ್ಲಿಯೂ ಕೇಳಿಬರುತ್ತಿದೆ. ಇದರಲ್ಲಿ ಇತಿಹಾಸವೆಷ್ಟು, ವಿಜ್ಞಾನವೆಷ್ಟು ಎಂಬುದನ್ನು ವಿಚಾರಿಸುವುದು ಉಚಿತ.

ಈ ಸೀಮೆ ಕಲ್ಯಾಣದ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿದ್ದ 12ನೆಯ ಶತಮಾನದಲ್ಲಿ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ಅದರಲ್ಲಿ ಸ್ನಾನವೂ ಲೇಪನವೂ ಅರಸನ ಉಪಭೋಗಗಳ ಸಾಲಿನಲ್ಲಿವೆ. ಮೈಗೆ ಲೇಪಿಸುವ ಪದ್ಧತಿಯ ಹಿರಿತನಕ್ಕೆ ಇದು ಸಾಕ್ಷಿ. ಬಿಸಿಲನ್ನು ತಡೆಯುವ ಗುಣಕ್ಕಲ್ಲ.

ಬಿಸಿಲಿನ ಕೇಡಿಗೆ ಕಾರಣವಾದ ಅತಿನೇರಳೆ ಕಿರಣದ ಅರಿವು ಉಂಟಾದದ್ದೇ 1801ರಲ್ಲಿ. ಪಟ್ಟಕದಿಂದ ಹರಡಿದ ಬಣ್ಣಗಳಲ್ಲಿ ನೇರಳೆಯ ಆಚೆಗೆ, ಕಣ್ಣಿಗೆ ಬೆಳಕೇ ಕಾಣದೆಡೆಯಲ್ಲಿ, ಬೆಳ್ಳಿಯ ಲವಣ ಕಪ್ಪಾಗುವುದನ್ನು ಜರ್ಮನಿಯ ರಿಟ್ಟರ್ ಎಂಬ ವಿಜ್ಞಾನಿ ಕಂಡನು. 1815ರಲ್ಲಿ ವೋಗೆಲ್ ಮತ್ತು ಪೆಲ್ಲೆಟಿಯೇ ಅರಿಸಿನದ ಹಳದಿ ವಸ್ತುವನ್ನು ಬೇರ್ಪಡಿಸಿದರು, ಅದೇ ಕರ್ಕ್ಯುಮಿನ್. ಅದರ ರಚನೆ ತಿಳಿದದ್ದು 1910ರಲ್ಲಿ.

ಅತಿನೇರಳೆ ಕಿರಣಗಳಲ್ಲಿ ಒಂದು ಬಗೆ ಚರ್ಮದ ಜೀವಕೋಶಗಳ ಡಿ.ಎನ್.ಎ.ಯನ್ನು ನೇರವಾಗಿ ಕೆಡಿಸುತ್ತದೆ. ಇನ್ನೊಂದು ಬಗೆ ಆಳಕ್ಕಿಳಿದು, ಆಮ್ಲಜನಕದ ಉಗ್ರ ರೂಪಗಳನ್ನು ಹುಟ್ಟಿಸಿ ಕೇಡು ಮಾಡುತ್ತದೆ. ದಿನವಿಡೀ ಬಿಸಿಲಿನಲ್ಲಿ ನಿಲ್ಲುವ ಗಿಡಗಳು ಎಲೆಯ ಹೊರಪದರದಲ್ಲಿ ಫ್ಲೇವನಾಯ್ಡ್ ಎಂಬ ವಸ್ತುಗಳನ್ನು ತುಂಬಿಕೊಂಡು ತಮ್ಮನ್ನು ಕಾಪಾಡಿಕೊಳ್ಳುತ್ತವೆ. ಪ್ರಯೋಗಶಾಲೆಯ ಜೀವಕೋಶಗಳಲ್ಲಿ ಕರ್ಕ್ಯುಮಿನ್ ಸಹ ಆ ಉಗ್ರತೆಯನ್ನು ತಣಿಸುವುದುಂಟು. ಆದರೆ ಅದು ನೀರಿನಲ್ಲಿ ಸುಲಭವಾಗಿ ಕರಗದು. ಬೆಳಕಿನಲ್ಲಿ ಬಹುಕಾಲ ಬಾಳದು. ಬಟ್ಟೆಗೆ ಹತ್ತಿದ ಅರಿಸಿನದ ಕಲೆ ಬಿಸಿಲಿಗೆ ಹಾಕಿದರೆ ಮಾಸುವುದನ್ನು ಗೃಹಿಣಿಯರೆಲ್ಲ ಬಲ್ಲರು. ಬಿಸಿಲಿಗೆ ತಾನೇ ಅಳಿಯುವ ಬಣ್ಣ ಮೈಯನ್ನು ಎಷ್ಟು ಹೊತ್ತು ಕಾಯಬಲ್ಲುದು?

ಅರಿಸಿನದಿಂದ ಗಾಯ ಮಾಯಿಸುವ ವಿಧಾನಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆತಾಗ, ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು ಹಳೆಯ ಬರಹಗಳನ್ನು ಮುಂದಿಟ್ಟು ವಾದಿಸಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಅಲ್ಲಿ ಕೇಳಿದ್ದು ಬಳಕೆ ಹಳೆಯದೇ ಎಂದು; ಹಳೆಯ ಬರಹವೇ ಅದಕ್ಕೆ ಉತ್ತರ ಕೊಟ್ಟಿತು. ಬಿಸಿಲನ್ನು ತಡೆಯುವುದೇ ಎಂಬ ಪ್ರಶ್ನೆ ಬೇರೆ. ಅದಕ್ಕೆ ಪ್ರಯೋಗವೇ ಉತ್ತರ ಕೊಡಬೇಕು.

ಭದ್ರಾ ನಾಲೆಯ ಬಯಲಿನಲ್ಲಿ ಬತ್ತದ ನಾಟಿ ಮಾಡುವ ಹೆಣ್ಣುಮಕ್ಕಳಿಗೆ ತಲೆಯ ಮೇಲಿನ ಸೆರಗು, ಸೀರೆಯ ಮೇಲೆ ತೊಟ್ಟ ತುಂಬುತೋಳಿನ ಅಂಗಿ, ನಡುಹಗಲಿನ ನೆರಳು – ಇವೇ ಹೆಚ್ಚಿನ ರಕ್ಷೆ. ಅರಿಸಿನ ಮಂಗಳದ್ರವ್ಯವಾಗಿ ಮನೆಯಲ್ಲಿರಲಿ. ಕೊಡೆಯ ಕೆಲಸವನ್ನು ಅದಕ್ಕೆ ಒಪ್ಪಿಸುವುದು ಬೇಡ.